ಬೆಕ್ಕಿನ ಮೂರಂತಸ್ತಿನ ಚೆಂಡಾಟಿಕೆ: 14 ತಿಂಗಳು ಬಳಸಿದ ಮೇಲೆ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮ ಮನೆ. ಬೆಕ್ಕಿನ ಹೆಸರು ಬೂಂದಿ. ಅವಳಿಗೋಸ್ಕರ ಈ ಆಟಿಕೆಯನ್ನು ಆನ್‌ಲೈನ್‌ನಲ್ಲಿ 399 ರೂಪಾಯಿಗೆ ತರಿಸಿದ್ದೆ. ಒಂದರ ಮೇಲೊಂದು ಕೂರುವ ಮೂರು ಪ್ಲಾಸ್ಟಿಕ್ ತಟ್ಟೆ. ಒಂದೊಂದರ ಅಂಚಿನಲ್ಲೂ ಸಣ್ಣ ಕಾಲುವೆ, ಅದರೊಳಗೆ ಒಂದು ಚೆಂಡು. ಬೆಕ್ಕು ಪಂಜದಿಂದ ಹೊಡೆದರೆ ಚೆಂಡು ಗರಗರ ಸುತ್ತುತ್ತದೆ. ಸೆಲ್ ಬೇಡ, ಕರೆಂಟ್ ಬೇಡ.

ಪ್ಲಾಸ್ಟಿಕ್ ಗಟ್ಟಿಯಾಗಿದೆ. ಎರಡು ಸಲ ಮಂಚದಿಂದ ಬಿದ್ದರೂ ಏನೂ ಆಗಿಲ್ಲ. ಅಡಿಯ ರಬ್ಬರ್ ಮಾತ್ರ ಎರಡೇ ತಿಂಗಳಿಗೆ ಉದುರಿತು, ಕಡಪಾ ಕಲ್ಲಿನ ನೆಲದ ಮೇಲೆ ಜಾರುತ್ತದೆ. ನಮ್ಮೂರಿನ ಕೆಂಪು ಧೂಳು ಗೊತ್ತಲ್ಲ, ಕಾಲುವೆಯಲ್ಲಿ ಕೂತರೆ ಚೆಂಡು ಓಡುವುದಿಲ್ಲ. ವಾರಕ್ಕೊಮ್ಮೆ ತೊಳೆಯಲೇಬೇಕು. ಹಾಗೆ ತೊಳೆಯುವಾಗ ಒಂದು ಚೆಂಡನ್ನು ನಾನೇ ಬಚ್ಚಲ ಮೋರಿಗೆ ಬಿಟ್ಟೆ. ಬಿಡಿ ಚೆಂಡು ಸಿಗುತ್ತಾ ಅಂತ ಮಾರಿದವರಿಗೆ ಮೆಸೇಜ್ ಹಾಕಿದರೆ ಉತ್ತರವೇ ಇಲ್ಲ. ಟೇಬಲ್ ಟೆನಿಸ್ ಚೆಂಡು 40 ಮಿಲಿಮೀಟರ್, ಇದರೊಳಗೆ ಹಿಡಿಸುವುದಿಲ್ಲ.

ಮೊದಲ ತಿಂಗಳು ಬೂಂದಿ ಆಟಿಕೆಯನ್ನು ಸುತ್ತಿದ್ದೇ ಸುತ್ತಿದ್ದು. ಆಮೇಲೆ ಸುತ್ತುವುದನ್ನು ಬಿಟ್ಟಳು. ಚೆಂಡು ಆ ಕಡೆ ನಿಂತರೆ ಬುಡಕ್ಕೆ ಭುಜ ಕೊಟ್ಟು ಒಂದು ಸಲ ತಳ್ಳುತ್ತಾಳೆ. ಆಟಿಕೆ ಜಾರುತ್ತದೆ, ಚೆಂಡು ತಾನೇ ಉರುಳಿ ಅವಳ ಮುಂದೆ ಬರುತ್ತದೆ. ರಬ್ಬರ್ ಉದುರಿದ್ದು ನನಗೆ ನಷ್ಟ, ಅವಳಿಗೆ ಲಾಭ.

ಆದರೆ ನಿಜವಾದ ಮಜಾ ಶುರುವಾಗಿದ್ದು ಶೇಂಗಾದಿಂದ. ಅವ್ವ ಮೊರ ಇಟ್ಟುಕೊಂಡು ಒಣ ಶೇಂಗಾ ಸುಲಿಯುತ್ತಿದ್ದಳು. ಒಂದು ಕಾಯಿ ಸಿಡಿದು ಖಾಲಿ ಕಾಲುವೆಯೊಳಗೆ ಬಿತ್ತು. ಬೂಂದಿ ತಟ್ಟಿದಳು, ಒಳಗಿನ ಬೀಜ ಗಲಗಲ ಅಂದಿತು. ಅರ್ಧ ಗಂಟೆ ಅದನ್ನು ಬಿಡಲಿಲ್ಲ. ಮರುದಿನ ನಾನು ಸುಮ್ನೆ ಕೈಗೆ ಸಿಕ್ಕ ಇನ್ನೊಂದು ಕಾಯಿ ಹಾಕಿದೆ. ಒಂದೇ ಸಲ ತಟ್ಟಿದಳು, ಕಿವಿ ಮುಂದೆ ಮಾಡಿ ಕೇಳಿದಳು, ಎದ್ದು ಹೋದಳು. ತೆಗೆದು ಒಡೆದು ನೋಡಿದರೆ ಜೊಳ್ಳು!

ಆಮೇಲೆ ಬೇಕಂತಲೇ ಗಟ್ಟಿ ಕಾಯಿ, ಜೊಳ್ಳು ಕಾಯಿ ಬದಲಿಸಿ ಬದಲಿಸಿ ಹಾಕಿದೆ. ಗಟ್ಟಿ ಕಾಯಿಗೆ ಆಟ, ಜೊಳ್ಳಿಗೆ ಒಂದೇ ಏಟು. ವಾಸನೆ ಹಿಡಿಯುತ್ತಾಳೆ ಅನ್ನಬಹುದು, ಅಲ್ವಾ? ನನಗೂ ಹಾಗೇ ಅನಿಸಿತ್ತು. ಅದಕ್ಕೇ ಹಸಿ ಶೇಂಗಾ ಹಾಕಿದೆ. ಬೀಜ ತುಂಬಿರುತ್ತದೆ, ಆದರೆ ಅಲ್ಲಾಡುವುದಿಲ್ಲ. ಅದನ್ನೂ ಒಂದೇ ಏಟಿಗೆ ಬಿಟ್ಟಳು. ಅವಳಿಗೆ ಬೇಕಾದದ್ದು ಸದ್ದು.

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು 2016ರಲ್ಲಿ 30 ಬೆಕ್ಕುಗಳ ಮುಂದೆ ಡಬ್ಬಿ ಅಲ್ಲಾಡಿಸಿ ನೋಡಿದ್ದರು. ಸದ್ದು ಬಂದ ಡಬ್ಬಿಯನ್ನು ಬೋರಲು ಹಾಕಿದಾಗ ಏನೂ ಬೀಳದಿದ್ದರೆ, ಅಥವಾ ಸದ್ದೇ ಬಾರದ ಡಬ್ಬಿಯಿಂದ ಏನಾದರೂ ಬಿದ್ದರೆ, ಬೆಕ್ಕುಗಳು ಜಾಸ್ತಿ ಹೊತ್ತು ದಿಟ್ಟಿಸುತ್ತಿದ್ದವಂತೆ. ಇದನ್ನು ಅವ್ವನಿಗೆ ಓದಿ ಹೇಳಿದೆ. "ಹಂಗಾದ್ರೆ ಮೊರ ಅದರ ಮುಂದೇ ಇಡಪಾ, ಜೊಳ್ಳು ಆರಿಸಿ ಕೊಡ್ತೈತೆ" ಅಂದಳು.

ಒಂದು ಎಚ್ಚರಿಕೆ. ಶೇಂಗಾ ಹಾಕಿದರೆ ಎದುರಿಗೇ ಕೂತಿರಿ. ಸಿಪ್ಪೆ ಬಿರಿದ ತಕ್ಷಣ ತೆಗೆದುಬಿಡಿ, ಗಂಟಲಿಗೆ ಸಿಕ್ಕೀತು. ರಾತ್ರಿ ಆಟಿಕೆಯನ್ನು ಕಪಾಟಿನೊಳಗೆ ಇಡಿ. ಎರಡು ಗಂಟೆಗೆ ಆ ಗರಗರ ಕೇಳಿ ಎದ್ದು ಕೂತವನು ಹೇಳುತ್ತಿದ್ದೇನೆ.

ಇದಕ್ಕೂ ಮುಂಚೆ ಲೇಸರ್ ಲೈಟ್ ತಂದಿದ್ದೆ. ಹಿಡಿಯಲು ಏನೂ ಸಿಗದೆ, ಆರಿಸಿದ ಮೇಲೂ ಗೋಡೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಅದಕ್ಕಿಂತ ಇದು ಎಷ್ಟೋ ವಾಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ರಬ್ಬರ್‌ಗೆ ಅರ್ಧ ಕಡಿತ, ಬಿಡಿ ಚೆಂಡು ಕೊಡದಿದ್ದಕ್ಕೆ ಅರ್ಧ. ಮೇಲಿನ ತಟ್ಟೆಯಲ್ಲಿ ಈಗ ಖಾಯಂ ಆಗಿ ಶೇಂಗಾನೇ ಓಡುತ್ತಿದೆ.