ಕ್ಯಾಮೆರಾ ನಮ್ಮದು, ಅಕೌಂಟ್ ಅಂಗಡಿ ಹುಡುಗನದು! ವೈರ್‌ಲೆಸ್ ಕ್ಯಾಮೆರಾ ಹಾಕಿಸುವವರು ದಯವಿಟ್ಟು ಓದಿ

ಬರೆಯೋಕೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬೆಂಗಳೂರಲ್ಲಿರುವ ನನ್ನಂಥವರು ಈಗ ಎಷ್ಟು ಜನ ಇದೇ ಕೆಲಸ ಮಾಡುತ್ತಿದ್ದಾರೋ.

ನಮ್ಮ ಮನೆ ಇರೋದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಒಂಟಿ ಮನೆ. ಅಡಿಕೆ ಕೊಯ್ಲು ಬಂತೆಂದರೆ ಕಳ್ಳರ ಭಯ ಇದ್ದದ್ದೇ. ದಸರಾಕ್ಕೆ ಹೋದಾಗ ಪೇಟೆಯ ಒಂದು ಅಂಗಡಿಯಿಂದ ಬ್ಯಾಟರಿಯಲ್ಲಿ ನಡೆಯುವ ಮೂರು ಕ್ಯಾಮೆರಾ ಹಾಕಿಸಿದೆ. 16,500 ರೂಪಾಯಿ. "ಗೋಡೆ ಕೊರೆಯೋದು ಬೇಡ, ವೈರ್ ಬೇಡ. ಕರೆಂಟ್ ಹೋಗಿ ವೈಫೈ ಬಂದ್ ಆದ್ರೂ ಚಿಂತೆ ಇಲ್ಲ ಮಾರಾಯ್ರೆ, ಒಳಗೆ 128 ಜಿಬಿ ಮೆಮೊರಿ ಕಾರ್ಡ್ ಇರುತ್ತೆ, ಎಲ್ಲ ಅದರಲ್ಲಿ ಉಳಿಯುತ್ತೆ" ಅಂದರು ಅಂಗಡಿಯವರು. ಈ ಕಾರ್ಡಿನ ಮಾತು ಕೇಳಿಯೇ ನಾನು ಒಪ್ಪಿದ್ದು.

ಒಬ್ಬ ಹುಡುಗ ಬಂದು ಹಾಕಿದ. ತನ್ನ ಫೋನಲ್ಲೇ ಸೆಟ್ ಮಾಡಿ ನನಗೂ ಅಪ್ಪನಿಗೂ ಶೇರ್ ಮಾಡಿಕೊಟ್ಟ. ಅಂಗಳ, ಜಗಲಿ, ಹಿತ್ತಿಲು ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ದಿನದ ವಿಡಿಯೋ ಕೂಡ ಬರುತ್ತಿತ್ತು. ಮತ್ತಿನ್ನೇನು ಬೇಕು ಅಲ್ವಾ?

ಜನವರಿಯಲ್ಲಿ ಒಂದು ರಾತ್ರಿ, ಸುಲಿದು ಜಗಲಿಯಲ್ಲಿ ಇಟ್ಟಿದ್ದ ಎರಡು ಚೀಲ ಚಾಲಿ ಅಡಿಕೆ ಹೋಯಿತು. ಆ ರಾತ್ರಿ ಕರೆಂಟ್ ಇರಲಿಲ್ಲ. ರೂಟರ್ ಆಫ್ ಆಗಿತ್ತು, ಹಾಗಾಗಿ ನನ್ನ ಫೋನಿಗೆ ಏನೂ ಬರಲಿಲ್ಲ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಇಡಬೇಕಿತ್ತು, ಅದು ನನ್ನದೇ ತಪ್ಪು. ಬೆಳಿಗ್ಗೆ ಅಪ್ಪ ಫೋನ್ ಮಾಡಿ "ಕ್ಯಾಮೆರಾ ಇದೆಯಲ್ಲ, ನೋಡು" ಅಂದರು. ನೋಡಿದರೆ ಆ ರಾತ್ರಿಯದು ಏನೂ ಇಲ್ಲ. ಹಿಂದಿನ ದಿನದ್ದೂ ಇಲ್ಲ. ಒಂದೇ ಒಂದು ವಿಡಿಯೋ ಇಲ್ಲ!

ಶನಿವಾರ ಊರಿಗೆ ಹೋದೆ. ಅಪ್ಪ ಏಣಿ ಹಿಡಿದರು, ನಾನು ಹತ್ತಿ ಜಗಲಿಯ ಕ್ಯಾಮೆರಾ ಬಿಚ್ಚಿದೆ. ಹಿಂದುಗಡೆ ಸಣ್ಣ ರಬ್ಬರ್ ಮುಚ್ಚಳ ಇದೆ. ಉಗುರಿನಿಂದ ಎಬ್ಬಿಸಿ ನೋಡಿದರೆ ಕಾರ್ಡ್ ಹಾಕುವ ಜಾಗ ಖಾಲಿ. ಅಂಗಳದ್ದು ಬಿಚ್ಚಿದೆ, ಅದೂ ಖಾಲಿ. ಹಿತ್ತಿಲಿನದೂ ಖಾಲಿ. ಕೆಳಗಿನಿಂದ ಅಪ್ಪ "ಸಿಕ್ತಾ?" ಅಂತ ಕೇಳುತ್ತಿದ್ದಾರೆ. ಏನಂತ ಹೇಳಲಿ?

ಹಾಗಾದರೆ ಮೊದಲು ಹಳೇ ವಿಡಿಯೋ ಹೇಗೆ ಬರುತ್ತಿತ್ತು? ಅದು 30 ದಿನದ ಉಚಿತ ಕ್ಲೌಡ್, ಅಂದರೆ ವಿಡಿಯೋ ಕ್ಯಾಮೆರಾದಲ್ಲಲ್ಲ, ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿನಲ್ಲಿ ಉಳಿಯೋದು. ಅವಧಿ ಮುಗಿಯಿತು, ವಿಡಿಯೋ ಉಳಿಯೋದು ನಿಂತಿತು. ಲೈವ್ ಕಾಣುತ್ತಿದ್ದರಿಂದ ನಮಗೆ ಗೊತ್ತೇ ಆಗಲಿಲ್ಲ. ಕಾರ್ಡ್ ಹಾಕದೇ ಇದ್ದದ್ದನ್ನು ಆ ಒಂದು ತಿಂಗಳು ಮುಚ್ಚಿಬಿಟ್ಟಿತು.

ಅಂಗಡಿಗೆ ಹೋದೆ. ಮೊದಲ ಉತ್ತರ: "ಕಾರ್ಡ್ ನಿಮ್ಮ ಮನೆಯವರೇ ತೆಗೆದಿರಬಹುದು." ಎಪ್ಪತ್ತು ದಾಟಿದ ನಮ್ಮಪ್ಪ ಏಣಿ ಹತ್ತಿ ಮೂರು ಕಾರ್ಡ್ ತೆಗೆದರಂತೆ! ಎರಡನೇ ಉತ್ತರ: "ಬಿಲ್ಲಲ್ಲಿ ಕಾರ್ಡ್ ಅಂತ ಎಲ್ಲಿದೆ ತೋರಿಸಿ." ನನ್ನ ಹತ್ತಿರ ಇದ್ದದ್ದು 'ಕ್ಯಾಮೆರಾ ಸೆಟ್ 3' ಅಂತ ಬರೆದ ಎಸ್ಟಿಮೇಟ್ ಚೀಟಿ ಮಾತ್ರ. ಜಿಎಸ್‌ಟಿ ಬಿಲ್ ಕೇಳಿರಲಿಲ್ಲ, ಪರಿಚಯದವರು ಅಂತ ಸುಮ್ನೆ ನಂಬಿದ್ದೆ. ಮೂರನೆಯದು ಇನ್ನೂ ಉರಿಯುತ್ತಿದೆ: "ನೀವು ಬೆಂಗಳೂರಲ್ಲಿ ಇರೋರು ಸಾರ್, ನಿಮಗೆ ಇದೆಲ್ಲ ಗೊತ್ತಿರಬೇಕಲ್ವಾ." ನಾಲ್ಕು ಜನ ಗಿರಾಕಿಗಳ ಎದುರು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರುತ್ತಿದ್ದೆನೇನೋ. ಮನೆಗೆ ಬಂದು ಹೊಸ ಕಾರ್ಡ್ ಹಾಕಿ ಫಾರ್ಮ್ಯಾಟ್ ಮಾಡಲು ಹೋದರೆ, ಅದು ಓನರ್‌ಗೆ ಮಾತ್ರ ಸಾಧ್ಯ ಅಂತ ಆಪ್ ಹೇಳಿತು. ಓನರ್ ಯಾರು? ತನ್ನ ಅಕೌಂಟಿನಲ್ಲಿ ಸೆಟ್ ಮಾಡಿದ್ದ ಆ ಹುಡುಗ! ಮೂರು ತಿಂಗಳಿಂದ ನಮ್ಮ ಅಂಗಳ, ಜಗಲಿ, ಅಮ್ಮ ಬಚ್ಚಲಿಗೆ ಹೋಗಿ ಬರುವ ಹಿತ್ತಿಲ ಬಾಗಿಲು, ಎಲ್ಲ ಅವನ ಫೋನಲ್ಲಿ. ಅವನು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಬಹುದಿತ್ತು, ಅಷ್ಟು ಸಾಕು. ರೀಸೆಟ್ ಬಟನ್ ಒತ್ತಿದೆ, ಆದರೂ ನನ್ನ ಅಕೌಂಟಿಗೆ ಸೇರಲಿಲ್ಲ. ಹಳೇ ಅಕೌಂಟಿನಿಂದ ಅವನೇ ಡಿಲೀಟ್ ಮಾಡಬೇಕಂತೆ. ಅಂಗಡಿಗೆ ಫೋನ್ ಮಾಡಿದರೆ "ಅವನು ಕೆಲಸ ಬಿಟ್ಟ, ನಂಬರ್ ಇಲ್ಲ" ಅಂದರು.

ಹಾಕಿಸುವವರು ದಯವಿಟ್ಟು ಅಕೌಂಟನ್ನು ನಿಮ್ಮ ಫೋನಿಂದ, ನಿಮ್ಮ ನಂಬರಿಂದ ನೀವೇ ತೆರೆಯಿರಿ. ಹುಡುಗ ಎಷ್ಟೇ ಅವಸರ ಮಾಡಲಿ, ಬಿಡಬೇಡಿ. ಕಾರ್ಡ್ ಒಳಗೆ ಹೋಗೋದನ್ನು ಕಣ್ಣಾರೆ ನೋಡಿ. ಅವನು ಹೊರಡುವ ಮೊದಲು ರೂಟರ್ ಆಫ್ ಮಾಡಿಸಿ, ಕ್ಯಾಮೆರಾ ಎದುರು ಓಡಾಡಿ, ಆಮೇಲೆ ಕಾರ್ಡ್ ತೆಗೆದು ಅದರಲ್ಲಿ ವಿಡಿಯೋ ಇದೆಯಾ ಅಂತ ನೋಡಿ. ಬಿಲ್ಲಲ್ಲಿ ಮಾಡೆಲ್ ನಂಬರ್, ಕಾರ್ಡ್ ಎಲ್ಲ ಬರೆಸಿ. ಈಗಾಗಲೇ ಹಾಕಿಸಿದ್ದರೆ ಓನರ್ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ, ನಾಳೆಗೆ ಇಡಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎಸ್ಟಿಮೇಟ್ ಚೀಟಿ ಮತ್ತು ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ನನ್ನ ಹತ್ತಿರ ಇರೋದು ಇಷ್ಟೇ. ಮೂರೂ ಕ್ಯಾಮೆರಾ ಆಫ್ ಮಾಡಿ ಅಟ್ಟದ ಮೇಲೆ ಇಟ್ಟು ಬಂದೆ. ಅವನ ಫೋನಲ್ಲಿ ಇದೆ ಅನ್ನೋ ವಿಷಯವನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.