ವೈಸ್ ಆ್ಯಪ್: ಹೊರದೇಶದಲ್ಲಿ ಓದೋರಿಗೆ ತುಂಬಾ ಉಪಯೋಗ ಆಗತ್ತೆ

ಹೊರದೇಶದಲ್ಲಿ ಓದ್ತಾ ಇರೋರು ದುಡ್ಡು ತರಿಸ್ಕೊಳ್ಳೋಕೆ, ಕಳ್ಸೋಕೆ ವೈಸ್ ಒಂದ್ಸಲ ನೋಡಿ, ನಂಗಂತೂ ತುಂಬಾ ಹಿಡಿಸ್ತು. 2011ರಲ್ಲಿ ಟ್ರಾನ್ಸ್‌ಫರ್‌ವೈಸ್ ಅಂತ ಶುರುವಾಗಿದ್ದು, 2021ರಲ್ಲಿ ಬರೀ ವೈಸ್ ಆಯ್ತು. ಬ್ಯಾಂಕಲ್ಲಿ ಎಷ್ಟೋ ಸಲ ಫೀಸ್ ಕಮ್ಮಿ ಅಂತಾರೆ ಆದ್ರೆ ಎಕ್ಸ್‌ಚೇಂಜ್ ರೇಟಲ್ಲೇ ತಮ್ಮ ಲಾಭ ಸೇರಿಸ್ಬಿಟ್ಟಿರ್ತಾರೆ, ಇದ್ರಲ್ಲಿ ಮಿಡ್‌ಮಾರ್ಕೆಟ್ ರೇಟೇ (ಮಾರ್ಕೆಟ್‌ನಲ್ಲಿ ಕರೆನ್ಸಿ ಕೊಳ್ಳೋ ರೇಟಿಗೂ ಮಾರೋ ರೇಟಿಗೂ ಸರಿಯಾಗಿ ಮಧ್ಯದ ರೇಟು) ಸಿಗತ್ತೆ, ಫೀಸ್ ಬೇರೆ ಸಾಲಲ್ಲಿ ಕಾಣ್ಸತ್ತೆ. ಕಳ್ಸೋ ಬಟನ್ ಒತ್ತೋಕೆ ಮುಂಚೆನೇ ಆ ಕಡೆ ಎಷ್ಟು ಸೇರತ್ತೆ, ಯಾವಾಗ ಸೇರಬಹುದು ಅಂತ ಸ್ಕ್ರೀನ್ ಮೇಲೆ ಬರತ್ತೆ, ಬಾಡಿಗೆಗೆ ಲೆಕ್ಕ ಹಾಕ್ಕೊಂಡು ಕೂತಿರೋ ಸ್ಟೂಡೆಂಟಿಗೆ ಅದೇ ದೊಡ್ಡ ನೆಮ್ಮದಿ. ಅಕೌಂಟ್ ಓಪನ್ ಮಾಡೋವಾಗ ಪಾಸ್‌ಪೋರ್ಟ್, ಅಡ್ರೆಸ್ ಪ್ರೂಫ್ ಕೇಳ್ಬಹುದು, ಹಾಗಾಗಿ ಕಾಲೇಜ್ ಫೀಸ್ ಕಟ್ಟೋ ಕೊನೆ ದಿನದ ತನಕ ಕಾಯ್ಬೇಡಿ. ವೈಸ್ ಕೊಡೋ ಕಾರ್ಡ್ ಸೌಲಭ್ಯ ಎಲ್ಲಾ ದೇಶದಲ್ಲೂ ಒಂದೇ ಥರ ಇಲ್ಲ, ನೀವಿರೋ ಕಡೆ ಏನೇನಿದೆ ಅಂತ ಮೊದ್ಲೇ ಚೆಕ್ ಮಾಡ್ಕೊಳ್ಳಿ.