ಹಸಿರು ಮೆಶ್ ಬೇಲಿ: ‘10 ಗೇಜ್’ ಅಂದರೆ ಒಳಗಿನ ತಂತಿಯೋ, ಮೇಲಿನ ಪ್ಲಾಸ್ಟಿಕ್ಕೋ?

ಮನೆ ಹಿತ್ತಲಿಗೆ ಪಿವಿಸಿ ಕೋಟಿಂಗ್ ಇರುವ ಚೈನ್‌ಲಿಂಕ್ ಮೆಶ್ ಹಾಕಿಸಬೇಕು ಅಂತಿರುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ.

ತೀರ್ಥಹಳ್ಳಿ ಕಡೆಯ ಒಂದು ಮನೆಗೆ 5 ಅಡಿ ಎತ್ತರದ ಇಂಥ ಬೇಲಿ ಬಂತು. ಕೊಟೇಶನ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಪಿವಿಸಿ ಮೆಶ್, 10 ಗೇಜ್, 2 ಇಂಚು’. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳ ಅಂಚಿನಿಂದ ತುಕ್ಕಿನ ನೀರು ಇಳಿಯತೊಡಗಿತು. ದನ ಮೈ ತಿಕ್ಕಿದಲ್ಲೆಲ್ಲ ಜಾಲರಿ ಜೋತುಬಿತ್ತು. ಅಂಚಿನ ತಂತಿಯನ್ನು ಕೈಯಲ್ಲಿ ಬಗ್ಗಿಸಿದರೆ ತುಂಡಾಗುತ್ತಿತ್ತು. ಮೇಲಿನ ಹಸಿರು ಮಾತ್ರ ಹಾಗೇ ಇತ್ತು. ಪ್ಲಾಸ್ಟಿಕ್ ಸೀಳಿ ನೋಡಿದಾಗ ಒಳಗಿದ್ದದ್ದು ಸತುವಿನ ಲೇಪವೇ ಇಲ್ಲದ 14 ಗೇಜ್ ಕಪ್ಪು ತಂತಿ.

ಇದರಲ್ಲಿ ಮೋಸ ನಡೆಯುವುದು ಅಳತೆಯಲ್ಲಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಪೂರ: 10 ಗೇಜ್ ಅಂದರೆ 3.25 ಮಿ.ಮೀ., 12 ಅಂದರೆ 2.64, 14 ಅಂದರೆ 2.03. ಆ 14 ಗೇಜ್ ತಂತಿಯ ಸುತ್ತ 0.6 ಮಿ.ಮೀ. ಪ್ಲಾಸ್ಟಿಕ್ ಹೊದಿಸಿದರೆ ಹೊರಗಿನ ಅಳತೆ 3.25ಕ್ಕೆ ಬಂದು ನಿಲ್ಲುತ್ತದೆ. ಅಂಗಡಿಯವರು ವರ್ನಿಯರ್ (ದಪ್ಪ ಅಳೆಯುವ ಸಾಧನ) ಇಟ್ಟು ತೋರಿಸಿದರೂ ‘10 ಗೇಜ್’ ಸರಿಯಾಗಿಯೇ ಕಾಣುತ್ತದೆ. ಆದರೆ ನಿಜವಾದ 10 ಗೇಜ್ ತಂತಿಯಲ್ಲಿರುವ ಉಕ್ಕಿನ ಸುಮಾರು ಶೇಕಡಾ 40 ಮಾತ್ರ ನಿಮ್ಮ ಕೈಗೆ ಬಂದಿರುತ್ತದೆ. ಆದ್ದರಿಂದ ಎರಡು ಇಂಚು ಪ್ಲಾಸ್ಟಿಕ್ ಸುಲಿಸಿ, ಬರಿಯ ತಂತಿಯ ಮೇಲೆ ವರ್ನಿಯರ್ ಇಡಿಸಿ. ಸುಲಿಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ತೂಕ ಇನ್ನೂ ನಂಬಿಕೆಯ ಸಾಕ್ಷಿ. 2 ಇಂಚು ಕಣ್ಣಿನ (ಜಾಲರಿಯ ಕಿಂಡಿಯ), 5 ಅಡಿ ಎತ್ತರ 50 ಅಡಿ ಉದ್ದದ ಒಂದು ರೋಲ್‌ನಲ್ಲಿ ಉಕ್ಕೇ 10 ಗೇಜ್ ಆದರೆ ಸುಮಾರು 60 ಕೆ.ಜಿ., 12 ಗೇಜ್ ಆದರೆ 40 ಕೆ.ಜಿ. ಇರಬೇಕು. 14 ಗೇಜ್ ಆದರೆ ಪ್ಲಾಸ್ಟಿಕ್ ಸೇರಿಸಿಯೂ 30ರ ಆಸುಪಾಸಿನಲ್ಲೇ ನಿಲ್ಲುತ್ತದೆ. 30×40 ಸೈಟಿಗೆ ಗೇಟು ಬಿಟ್ಟು ಸುಮಾರು 130 ಅಡಿ ಬೇಲಿ, ಅಂದರೆ ಮೂರು ರೋಲ್ ಬೇಕು. ಗಾಡಿಯಿಂದ ಇಳಿಸುವಾಗಲೇ ಮೂರನ್ನೂ ತೂಗಿಸಿ. ಕಣ್ಣಿನ ಅಳತೆಯನ್ನೂ ಟೇಪ್ ಹಿಡಿದು ನೋಡಿ, ಎರಡೂವರೆ ಇಂಚನ್ನು ಎರಡು ಅಂತ ಕೊಡುವುದುಂಟು. ಕಟ್ಟುವಾಗ 50 ಅಡಿ ರೋಲನ್ನು 55 ಅಡಿಗೆ ಎಳೆದರೆ ಎತ್ತರವೂ ಕುಗ್ಗುತ್ತದೆ.

ಎರಡನೆಯದು ಸತು. ಪಿವಿಸಿ ಇದ್ದ ಮೇಲೆ ಜಿಐ (ಸತು ಲೇಪಿಸಿದ ತಂತಿ) ಯಾಕೆ ಅಂತ ಕೇಳುವವರಿದ್ದಾರೆ. ಜಾಲರಿಯ ಮೇಲೆ ಕೆಳಗೆ ತಂತಿ ಕತ್ತರಿಸಿದ ತುದಿಗಳೆಲ್ಲ ಬೋಳಾಗಿಯೇ ಇರುತ್ತವೆ. ಪ್ಲಾಸ್ಟಿಕ್ ತಂತಿಗೆ ಅಂಟಿರದೆ ಬರೀ ಕೊಳವೆಯ ಹಾಗೆ ಕೂತಿದ್ದರೆ ನೀರು ಆ ತುದಿಯಿಂದ ಒಳಗೆ ಸೇರುತ್ತದೆ, ಬೇಗ ಆರುವುದಿಲ್ಲ, ತುಕ್ಕು ಕಾಣದಂತೆ ಮುಂದೆ ಹೋಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ತುದಿಯಲ್ಲಿ ಪ್ಲಾಸ್ಟಿಕ್ ಹಿಡಿದು ಎಳೆಯಿರಿ. ಕರೆಂಟ್ ವೈರಿನ ಸಿಪ್ಪೆಯಂತೆ ಜಾರಿ ಬಂದರೆ ಅದು ಅಂಟಿಲ್ಲ.

ಸತು ಇದೆಯೇ ಅಂತ ತಿಳಿಯಲು ಮೈಲುತುತ್ತ (ಕಾಪರ್ ಸಲ್ಫೇಟ್) ಸಾಕು. ಅಡಿಕೆಗೆ ಬೋರ್ಡೋ ಹೊಡೆಯುವ ಮನೆಗಳಲ್ಲಿ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಲೋಟದಲ್ಲಿ 100 ಮಿ.ಲೀ. ನೀರಿಗೆ ಸುಮಾರು 35 ಗ್ರಾಂ ಹಾಕಿ ಕರಗಿಸಿ. ಸುಲಿದ ತಂತಿಯನ್ನು ಒಂದು ನಿಮಿಷ ಅದ್ದಿ, ತೊಳೆದು ಒರೆಸಿ. ಹೊಳೆಯುವ ತಾಮ್ರದ ಕೆಂಪು ಅಂಟಿಕೊಂಡರೆ ಅದು ಬರಿ ಕಬ್ಬಿಣ. ಕಪ್ಪು ಮಸಿ ಬಂದು ಒರೆಸಿದಾಗ ಹೋದರೆ ಸತು ಇದೆ, ಮತ್ತೆ ಅದ್ದಿ. ಒಂದೆರಡು ಸಲಕ್ಕೇ ಕೆಂಪಾದರೆ ಲೇಪ ತೀರಾ ತೆಳು. ಕತ್ತರಿಸಿದ ತುದಿ ಹೇಗೂ ಕೆಂಪಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೈಲುತುತ್ತ ವಿಷ, ಉಳಿದ ನೀರನ್ನು ಬಾವಿಯ ಹತ್ತಿರ ಚೆಲ್ಲಬೇಡಿ.

ಒಳ್ಳೆಯ ಮೆಶ್ ತಂದರೂ ಕಟ್ಟುವಾಗ ಕೆಡಿಸಬಹುದು. ಕೆಳ ಅಂಚು ಮಣ್ಣಿಗೆ ತಾಗದಂತೆ ಎರಡು ಇಂಚು ಮೇಲಿರಲಿ. ನಾಯಿ ನುಸುಳುತ್ತದೆ ಅನ್ನುವವರು ಕೆಳಗೊಂದು ಸಾಲು ಕಲ್ಲು ಕೂರಿಸಿ. ಮೇಲೆ, ನಡುವೆ, ಕೆಳಗೆ ಮೂರು ಎಳೆ ಲೈನ್ ವೈರ್ (ಕಂಬದಿಂದ ಕಂಬಕ್ಕೆ ಎಳೆಯುವ ತಂತಿ) ಬಿಗಿಯಲೇಬೇಕು, ಇಲ್ಲದಿದ್ದರೆ ಎಂಥ ಗೇಜಾದರೂ ಜೋಲುತ್ತದೆ. ಸರಳು ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಬೇಡ, ಅದೇ ಮೊದಲು ತುಕ್ಕು ಹಿಡಿದು ಬಿಟ್ಟುಕೊಳ್ಳುತ್ತದೆ. ಜಿಐ ಅಥವಾ ಪಿವಿಸಿ ವೈರಿನಲ್ಲೇ ಕಟ್ಟಿಸಿ. ಕಂಬಗಳು 8ರಿಂದ 10 ಅಡಿಗೊಂದು, 7 ಅಡಿಯ ಕಂಬಕ್ಕೆ 2 ಅಡಿ ಗುಂಡಿ. ಕಾಂಕ್ರೀಟ್ ಹಾಕಿದ ದಿನವೇ ಮೆಶ್ ಎಳೆದರೆ ಮೂಲೆ ಕಂಬ ಒಳಕ್ಕೆ ವಾಲುತ್ತದೆ. ವಾರ ನೀರುಣಿಸಿ, ಮೂಲೆಗೆ ಎರಡೂ ಕಡೆ ಸಪೋರ್ಟ್ ಕೊಟ್ಟು ಆಮೇಲೆ ಎಳೆಸಿ. ಬೇಲಿ ಬುಡದಲ್ಲಿ ಕಸಕ್ಕೆ ಬೆಂಕಿ ಹಾಕಿದರೆ ಕೋಟಿಂಗ್ ಕರಗಿಹೋಗುತ್ತದೆ.

ಆರ್ಡರ್ ಕೊಡುವಾಗ ಬಿಲ್ಲಿನಲ್ಲಿ ಹೀಗೆ ಬರೆಸಿ: ‘ಒಳಗಿನ ಜಿಐ ತಂತಿ 2.64 ಮಿ.ಮೀ. (12 ಗೇಜ್), ಕೋಟಿಂಗ್ ಸೇರಿ ಹೊರ ಅಳತೆ ಇಷ್ಟು, ಕಣ್ಣು 50 ಮಿ.ಮೀ., ಪ್ರತಿ ರೋಲ್ ತೂಕ ಇಷ್ಟು’. ದರ ಚದರ ಅಡಿ ಲೆಕ್ಕದಲ್ಲಿರಲಿ, ಕೆ.ಜಿ. ಲೆಕ್ಕದಲ್ಲಿ ಪ್ಲಾಸ್ಟಿಕ್ಕಿಗೂ ಉಕ್ಕಿನ ಬೆಲೆ ತೆರುತ್ತೀರಿ. ಹೀಗೆ ಬರೆದುಕೊಡಲು ಅಂಗಡಿಯವರು ಒಪ್ಪದಿದ್ದರೆ ಹಸಿರಿನ ಆಸೆ ಬಿಟ್ಟು ಐಎಸ್ 2721 ಮಾನಕದ ಕೋಟಿಂಗ್ ಇಲ್ಲದ 10 ಗೇಜ್ ಜಿಐ ಮೆಶ್ ತೆಗೆದುಕೊಳ್ಳಿ. ಅದರಲ್ಲಿ ತುಕ್ಕು ಬಂದರೂ ಕಣ್ಣಿಗೆ ಕಾಣುತ್ತದೆ, ಕಂಡ ಕೂಡಲೇ ಸತುವಿನ ಬಣ್ಣ ಬಳಿಯಬಹುದು.